ಹಿಡಿದಾಗ, ಬಿಟ್ಟಾಗ

ಗಾಡಿ ಬಂತು, ಅಣ್ಣ ಬರಲಿಲ್ಲ.

ಬರುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗಿನಿಂದ ಅವಳ ಕಿವಿ ರಸ್ತೆಯ ಕಡೆಗೇ ಇತ್ತು. ಹಿಂದಿನ ದಿನ ಅತ್ತಿಗೆ ಫೋನು ಮಾಡಿದ್ದಳು. ಅಪ್ಪನ ಗಾಡಿಗೆ ಗೇರು ಕೂರಿಸಿ ಆಯಿತಂತೆ, ಇಂಜಿನ್ನಿನ ಕಂಪ್ಯೂಟರ್ ಮಾತ್ರ ಒಪ್ಪುತ್ತಿಲ್ಲವಂತೆ, ನಾಳೆ ನಿನ್ನಲ್ಲಿಗೆ ಕಳಿಸುತ್ತಾರಂತೆ ಎಂದಿದ್ದಳು. ‘ಕಳಿಸುತ್ತಾರೆ’ ಎಂದಳೇ ಹೊರತು ‘ತರುತ್ತಾರೆ’ ಎನ್ನಲಿಲ್ಲ. ಆ ಎರಡು ಮಾತುಗಳ ನಡುವಿನ ಅಂತರವನ್ನು ಅವಳು ಅನ್ನಕ್ಕೆ ನೀರಿಡುವಾಗಲೂ ಬಟ್ಟೆ ಮಡಿಸುವಾಗಲೂ ಅಳೆದು ಅಳೆದು ನೋಡಿದ್ದಳು. ಅತ್ತಿಗೆ ಬಾಯಿತಪ್ಪಿ ಹಾಗೆ ಹೇಳಿರಬಹುದು ಎಂದು ಒಂದು ಸಲ ಅನ್ನಿಸುವುದು, ಅತ್ತಿಗೆ ಬಾಯಿತಪ್ಪಿ ಮಾತಾಡುವವಳಲ್ಲ ಎಂದು ಇನ್ನೊಂದು ಸಲ.

ಹತ್ತು ಗಂಟೆಗೆ ಒಂದು ವ್ಯಾನು ನಿಧಾನವಾಗಿ ತಿರುವು ತೆಗೆದುಕೊಂಡು ಬಂತು. ಅದರ ಹಿಂದೆ ಹಗ್ಗ ಕಟ್ಟಿಸಿಕೊಂಡು, ಆಸ್ಪತ್ರೆಗೆ ಬರುವ ಮುದುಕನ ಹಾಗೆ ತಲೆ ತಗ್ಗಿಸಿಕೊಂಡು, ಅಪ್ಪನ ತಿಳಿನೀಲಿ ಗಾಡಿ. ಸ್ಟೇರಿಂಗಿನ ಹಿಂದೆ ಕೂತಿದ್ದವನು ಅಣ್ಣನಲ್ಲ, ಫ್ಯೂಸ್.

ಫ್ಯೂಸ್ ಎನ್ನುವುದು ಅಣ್ಣನ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುವವನಿಗೆ ಬಿದ್ದ ಹೆಸರು. ಎರಡು ಮಕ್ಕಳ ತಂದೆ, ದಪ್ಪ ಮೀಸೆ. ಯಾವ ಗಾಡಿ ಬಂದರೂ, ಅದರ ಟೈರು ಪಂಕ್ಚರ್ ಆಗಿ ಬಂದಿದ್ದರೂ, ಮೊದಲು ಫ್ಯೂಸ್ ನೋಡೋಣ ಎನ್ನುವುದು ಅವನ ಪದ್ಧತಿ. ಇಳಿದವನೇ ಅವಳಿಗೆ ಕೈ ಮುಗಿದು, ಫ್ಯೂಸೆಲ್ಲ ನೋಡಿಯಾಯಿತು ಅಕ್ಕ, ಸರಿ ಇವೆ ಎಂದು ವರದಿ ಒಪ್ಪಿಸಿದ.

ನಿಮ್ಮ ಮೇಸ್ತ್ರಿ ಏನಾದರೂ ಹೇಳಿ ಕಳಿಸಿದರಾ ಎಂದು ಅವಳು ಕೇಳಿದಳು.

ಕೀ ಕೊಟ್ಟು ಹೋಗು ಅಂದರು, ಅಷ್ಟೇ ಎಂದ ಫ್ಯೂಸ್.

ಅವಳು ಕೀ ಇಸಿದುಕೊಂಡಳು. ಅದೇ ಕೀ. ಅದಕ್ಕೆ ಅಪ್ಪ ಕಟ್ಟಿದ್ದ ಹಿತ್ತಾಳೆಯ ಬುಷ್, ಗೇರಿನೊಳಗಿನ ಒಂದು ಪುಟ್ಟ ಬಳೆ, ಹಾಗೇ ಇತ್ತು, ಬೆರಳು ಆಡಿ ಆಡಿ ನುಣುಪಾಗಿತ್ತು. ಬಹಳ ಹೊತ್ತು ಹಿಡಿದುಕೊಳ್ಳಬಾರದ ವಸ್ತುವನ್ನು ಹಿಡಿದವಳಂತೆ ಅವಳು ಅದನ್ನು ಮೇಜಿನ ಮೇಲಿಟ್ಟಳು.

ಅವಳ ಅಂಗಡಿ ಎಂದರೆ ಟೈರಿನವರ ಸಾಲಿನ ಹಿಂದೆ ಒಂದೇ ಒಂದು ಕೋಣೆ, ಮುಂದೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಒಳಗೆ ಮೇಜು, ಲ್ಯಾಪ್‌ಟಾಪು, ಗೋಡೆಗೆ ನೇತುಹಾಕಿದ ಬಗೆಬಗೆಯ ಕೇಬಲ್ಲುಗಳು, ಒಂದು ಬೆಸುಗೆ ಕಡ್ಡಿ, ದೇವರ ಪಟದ ಕೆಳಗೆ ಬ್ಯಾಟರಿ ಚಾರ್ಜರ್. ಬೇರೆ ಗ್ಯಾರೇಜುಗಳು ಸೋತು ಕೈಚೆಲ್ಲಿದ ಗಾಡಿಗಳು ಅಲ್ಲಿಗೆ ಬರುತ್ತಿದ್ದವು. ಜನ ಅವಳನ್ನು ಕಂಪ್ಯೂಟರ್ ಅಕ್ಕ ಎನ್ನುತ್ತಿದ್ದರು. ಆದರೆ ಹುಟ್ಟಿದ್ದು ಬೆಳೆದದ್ದು ಗ್ರೀಸಿನಲ್ಲೇ. ಅಪ್ಪ ಗೇರ್ ಮೇಸ್ತ್ರಿ. ಮಗನನ್ನು ಬೋಲ್ಟು ಎಂದೂ ಮಗಳನ್ನು ವಾಷರ್ ಎಂದೂ ಕರೆಯುತ್ತಿದ್ದ. ಕಂಡೂ ಕಾಣದಷ್ಟು ಚಿಕ್ಕದು, ಎಲ್ಲಿ ಬಿತ್ತೆಂದು ಹುಡುಕುವುದೇ ಒಂದು ಕೆಲಸ, ಆದರೆ ಇದಿಲ್ಲದೆ ಎಷ್ಟು ಬಿಗಿದರೂ ಸಡಿಲ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅಣ್ಣನಿಗೂ ಅವಳು ವಾಷರ್ರೇ. ಅವನ ಬಾಯಲ್ಲಿ ಆ ಹೆಸರು ಕೊನೆಯಲ್ಲಿ ಸ್ವಲ್ಪ ಎಳೆದುಕೊಳ್ಳುತ್ತಿತ್ತು, ವಾಷರ್ರೂ ಎಂದು. ಅದನ್ನು ಕೇಳಿ ನಾಲ್ಕು ವರ್ಷವಾಗಿತ್ತು.

ಅವಳು ಗಾಡಿಯ ಬಾಗಿಲು ತೆಗೆದು, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಸ್ಟೇರಿಂಗಿನ ಕೆಳಗೆ ಕೇಬಲ್ ಕೊಟ್ಟಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ದೂರುಗಳ ಪಟ್ಟಿ ಇಳಿಯಿತು. ಹದಿನಾಲ್ಕು ದೂರು. ಅವುಗಳಲ್ಲಿ ಹನ್ನೊಂದು ಒಂದೇ ಮಾತಿನ ಹನ್ನೊಂದು ರೂಪ: ಗೇರ್‌ಬಾಕ್ಸಿನ ಕಡೆಯಿಂದ ಉತ್ತರವಿಲ್ಲ.

ಇಂಜಿನ್ನಿನ ಕಂಪ್ಯೂಟರ್ ಎಂದರೆ ಅಂಗೈಯಗಲದ ಒಂದು ಅಲ್ಯೂಮಿನಿಯಂ ಡಬ್ಬಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಅದಕ್ಕೊಂದು ಜೊತೆ ಇರುತ್ತದೆ, ಗೇರ್‌ಬಾಕ್ಸಿನ ಡಬ್ಬಿ. ಎರಡು ತೆಳ್ಳನೆಯ ತಂತಿಗಳ ಮೇಲೆ ಅವೆರಡೂ ದಿನವಿಡೀ ಮಾತಾಡಿಕೊಳ್ಳುತ್ತವೆ. ಗೇರು ಬದಲಿಸುತ್ತಿದ್ದೀನಿ ಸ್ವಲ್ಪ ತಗ್ಗು ಎನ್ನುತ್ತದೆ ಒಂದು, ತಗ್ಗಿದೆ ಬದಲಿಸು ಎನ್ನುತ್ತದೆ ಇನ್ನೊಂದು. ಅಣ್ಣ ಮಾಡಿದ ಹಾಗೆ ಹಳೆಯ ಗೇರ್‌ಬಾಕ್ಸನ್ನು ಇಳಿಸಿ ಕೈಗೇರಿನದನ್ನು ಕೂರಿಸಿದರೆ ಕಬ್ಬಿಣದ ಕೆಲಸ ಮುಗಿಯಿತು. ಆದರೆ ಈ ಡಬ್ಬಿಗೆ ಯಾರೂ ಸುದ್ದಿ ಹೇಳಿರುವುದಿಲ್ಲ. ಅದು ಕೀ ತಿರುಗಿಸಿದಾಗಲೆಲ್ಲ ಹಳೆಯ ಜೊತೆಯನ್ನು ಕೂಗುತ್ತದೆ, ಕಾಯುತ್ತದೆ, ಮತ್ತೆ ಕೂಗುತ್ತದೆ. ಗೇರು ನ್ಯೂಟ್ರಲ್‌ನಲ್ಲಿದೆ ಎಂದು ಅದರ ಬಾಯಿಂದ ಕೇಳುವತನಕ ಇಂಜಿನ್ನನ್ನು ಎಬ್ಬಿಸಲು ಬಿಡುವುದಿಲ್ಲ. ಇಂಥ ಗಾಡಿಗಳನ್ನು ಅವಳು ಹತ್ತಾರು ಸಲ ನೋಡಿದ್ದಳು. ಅಂದು ಮಾತ್ರ ಆ ಹನ್ನೊಂದು ಸಾಲುಗಳನ್ನು ಅಳಿಸುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತಳು.

ಫ್ಯೂಸ್ ಬಾಗಿಲಿಗೆ ಒರಗಿಕೊಂಡು ಚಹಾ ಕುಡಿಯುತ್ತಿದ್ದ. ಅವನಿಗೆ ಮೌನ ಆಗಿಬರುತ್ತಿರಲಿಲ್ಲ.

“ನಿಮ್ಮಣ್ಣನ ಹತ್ರ ಕೆಲಸ ಮಾಡೋದು ಕಷ್ಟ ಅಕ್ಕ,” ಎಂದ. “ಮೂರು ತಿಂಗಳು ಈ ಗಾಡಿ ಹಿಂದೆ ಬಿದ್ದಿದ್ರು. ಗೇರೆಲ್ಲ ಕೂತ್ಕೊಂತು, ಸ್ಟಾರ್ಟ್ ಮಾತ್ರ ಇಲ್ಲ. ಒಂದಿನ ಹೀಗೇ ಗಾಡಿ ನೋಡ್ಕೊಂಡು ನಿಂತವರು, ‘ಇದಕ್ಕೆ ವಾಷರ್ ಬೇಕು’ ಅಂದ್ರು. ನಾನು ಓಡಿಹೋಗಿ ಒಂದು ಡಬ್ಬಿ ತುಂಬ ತಂದೆ, ತಾಮ್ರದ್ದು, ಫೈಬರ್ರು, ಸ್ಪ್ರಿಂಗಿಂದು, ಎಲ್ಲಾ ಸೈಜು. ‘ನಿನ್ನ ತಲೆ’ ಅಂತ ಬೈದು ಎದ್ದು ಹೋದ್ರು. ಕಂಪ್ಯೂಟರ್ ಗಾಡಿ ಯಾವುದು ಕೈಕೊಟ್ರೂ ಇದೇ ಮಾತು. ಎಲ್ಲಿ ಹಾಕ್ಬೇಕು ಆ ವಾಷರ್ರು, ಅದನ್ನೂ ಹೇಳಲ್ಲ.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೀಲಿಮಣೆಯ ಮೇಲಿದ್ದ ಬೆರಳುಗಳು ಮಾತ್ರ ನಿಂತವು. ಎಷ್ಟು ಸಲ ಅಂದಿದ್ದಾರೆ ಹಾಗೆ ಎಂದು ಕೇಳಿದಳು. ಲೆಕ್ಕ ಇಟ್ಟವರು ಯಾರು, ನಾನು ಸೇರಿದಾಗಿನಿಂದ ಕೇಳುತ್ತಿದ್ದೇನೆ ಎಂದ ಫ್ಯೂಸ್. ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದು ಹೇಳಿ ಅವಳು ಮುಖ ಆಚೆ ತಿರುಗಿಸಿಕೊಂಡಳು. ಬಿಸಿಲು ಆ ಕಡೆಗೇ ಇತ್ತು.

ಹಳೆಯದನ್ನು ಕಾಪಿ ತೆಗೆದಿಟ್ಟುಕೊಳ್ಳದೆ ಹೊಸದನ್ನು ಬರೆಯಬಾರದು ಎನ್ನುವುದು ಅವಳ ಕಸುಬಿನ ನಿಯಮ. ಡಬ್ಬಿಯಲ್ಲಿದ್ದುದನ್ನೆಲ್ಲ ಓದಿ ಒಂದು ಫೈಲಿನಲ್ಲಿಟ್ಟಳು. ಆಮೇಲೆ ಅದೇ ಮಾಡೆಲ್ಲಿನ ಕೈಗೇರಿನ ಗಾಡಿಯ ಪ್ರೋಗ್ರಾಂ ತೆಗೆದು, ಈ ಗಾಡಿಯ ನಂಬರು ಅದರೊಳಗೆ ಸೇರಿಸಿ, ಸರಿ ಇದೆಯೇ ಎಂದು ಎರಡು ಸಲ ನೋಡಿದಳು. ಬರೆಯಲು ಏಳೆಂಟು ನಿಮಿಷ. ನಡುವೆ ಕರೆಂಟು ಕೈಕೊಟ್ಟರೆ ಡಬ್ಬಿ ಸತ್ತಂತೆಯೇ. ಗುಂಡಿ ಒತ್ತುವ ಮುಂಚೆ ಅವಳು ಕಣ್ಣು ಮುಚ್ಚಿದಳು. ಇದು ಅಪ್ಪನಿಂದ ಬಂದದ್ದು. ಅವನು ಯಾವ ಗೇರ್‌ಬಾಕ್ಸನ್ನು ಬಿಚ್ಚುವ ಮುಂಚೆಯೂ ಅದರ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಕತ್ತಲಲ್ಲಿ ದುಡಿದಿದೆ, ಕೇಳದೆ ಬೆಳಕಿಗೆ ತರಬಾರದು ಎನ್ನುತ್ತಿದ್ದ. ಅವನ ದೇವರು ಅಂಥ ಕಡೆಗಳಲ್ಲೇ ಇರುತ್ತಿದ್ದ, ಎಣ್ಣೆಯೊಳಗೆ, ಹಲ್ಲುಗಾಲಿಗಳ ಸಂದಿನಲ್ಲಿ.

ಬರೆದು ಮುಗಿಯಿತು. ದೂರಿನ ಪಟ್ಟಿ ಖಾಲಿಯಾಯಿತು. ಡಬ್ಬಿ ಕೂಗುವುದನ್ನು ನಿಲ್ಲಿಸಿತು.

ಸ್ಟಾರ್ಟ್ ಮಾಡಿ ನೋಡಲು ಅವಳು ಅಪ್ಪನ ಸೀಟಿನಲ್ಲಿ ಕೂರಬೇಕಾಯಿತು. ಕಾಲಿಟ್ಟಾಗ ಎಡಗಡೆಯ ನೆಲಹಾಸು ಕಣ್ಣಿಗೆ ಬಿತ್ತು. ಅಂಗೈಯಷ್ಟು ಜಾಗದಲ್ಲಿ ಅದು ಸವೆದು ನೂಲು ಬಿಟ್ಟಿತ್ತು.

ಆ ಕಥೆ ಹೀಗಿದೆ. ಅಪ್ಪನಿಗೆ ಎಡಗಡೆ ಸ್ವಾಧೀನ ತಪ್ಪಿ, ಕೈ ಸರಿಹೋಗಿ, ಕಾಲು ಮಾತ್ರ ಹಾಗೇ ಉಳಿದುಕೊಂಡಿತು. ಜೀವಮಾನವೆಲ್ಲ ಗೇರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಿದವನು ಕುರ್ಚಿಯಲ್ಲಿ ಕೂತು ರಸ್ತೆ ನೋಡುವಂತಾಯಿತು. ಅಣ್ಣ ಎಲ್ಲೆಲ್ಲೋ ಹುಡುಕಿ ಈ ಆಟೊಮ್ಯಾಟಿಕ್ ಗಾಡಿ ತಂದ, ಬಲಗಾಲೊಂದಿದ್ದರೆ ಸಾಕಲ್ಲ ಎಂದು. ಅಪ್ಪ ಓಡಿಸಿದ. ಖುಷಿಪಟ್ಟ. ಆದರೆ ಪ್ರತಿ ತಿರುವಿನಲ್ಲೂ, ಪ್ರತಿ ಏರಿನಲ್ಲೂ ಅವನ ಆ ಬಲವಿಲ್ಲದ ಎಡಗಾಲು ತೆವಳಿಕೊಂಡು ಮುಂದೆ ಹೋಗಿ ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು. ನೆಲಹಾಸು ಸವೆದದ್ದು ಹಾಗೆ. ಅಷ್ಟೇ ಅಲ್ಲ, ಗುಜರಿಯಿಂದ ಅದೇ ಮಾಡೆಲ್ಲಿನ ಕೈಗೇರಿನ ಪೆಟ್ಟಿಗೆಯೊಂದನ್ನು ತರಿಸಿ, ಆರು ತಿಂಗಳು ಕೂತು ಒಂದೊಂದೇ ಹಲ್ಲು ನೋಡಿ ಜೋಡಿಸಿ, ಗೋಣಿಯಲ್ಲಿ ಸುತ್ತಿಟ್ಟ. ಕಾಲು ಸರಿಹೋಗಲಿ, ಕೂರಿಸಿಕೊಳ್ಳೋಣ ಎನ್ನುತ್ತಿದ್ದ. ಕಾಲು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿದ್ದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ಒಂದು ದಿನ ಬೆಳಿಗ್ಗೆ ಗಾಡಿ ಹಿಂದೆ ತೆಗೆಯುವಾಗ ಅಪ್ಪನಿಗೆ ಒಂದು ಗಳಿಗೆ ಕಣ್ಣು ಕತ್ತಲಿಟ್ಟಿತು. ಗಾಡಿ ಪಕ್ಕದ ಮನೆಯ ಗೋಡೆಗೆ ತಗುಲಿ ನಿಂತಿತು. ಅದಕ್ಕೂ ಒಂದು ನಿಮಿಷ ಮುಂಚೆ ಆ ಗೋಡೆಯ ಬುಡದಲ್ಲಿ ಒಂದು ಮಗು ಕೂತು ಕಲ್ಲು ಆಡುತ್ತಿದ್ದುದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಮಗು ಅಷ್ಟರಲ್ಲಿ ಎದ್ದುಹೋಗಿತ್ತು. ಓಡಿಬಂದವಳೇ ಅಪ್ಪನ ಕೈಯಿಂದ ಕೀ ತೆಗೆದುಕೊಂಡಳು. ಮತ್ತೆ ಕೊಡಲಿಲ್ಲ. ಮೊದಮೊದಲು ಅಪ್ಪ ದಿನವೂ ಅಂಗೈ ಚಾಚುತ್ತಿದ್ದ. ಆಮೇಲೆ ಚಾಚುವುದನ್ನು ಬಿಟ್ಟ. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು. ವರ್ಷ ತುಂಬುವುದರೊಳಗೆ ಹೋಗಿಬಿಟ್ಟ. ಎಲ್ಲ ಮುಗಿದ ಮೇಲೆ ಅಣ್ಣ ಒಂದೇ ಒಂದು ಮಾತು ಆಡಿದ: “ನೀನು ತಗೊಂಡಿದ್ದು ಕೀ ಅಲ್ಲ.” ಅವಳು ಆ ಕೀಯನ್ನು ಅವನ ಮುಂದಿಟ್ಟು ಎದ್ದು ಬಂದಳು. ಅದೇ ಕಡೆ. ಹಬ್ಬಹರಿದಿನಕ್ಕೆ ಅತ್ತಿಗೆಯ ಫೋನು, ಮಕ್ಕಳ ಫೋಟೊ, ಇಷ್ಟೇ. ಮಾಡಿದ್ದು ಸರಿಯೇ ಎಂದು ಅವಳ ಬುದ್ಧಿ ಹೇಳುತ್ತಿತ್ತು. ಚಾಚಿದ ಅಂಗೈ ನೆನಪಾದಾಗ ಬುದ್ಧಿ ಸುಮ್ಮನಾಗುತ್ತಿತ್ತು.

ಈಗ ಆ ಸವೆದ ಜಾಗದ ನೇರಕ್ಕೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ, ಹೊಸ ಕ್ಲಚ್ ಪೆಡಲ್ಲು ಇತ್ತು. ಅಪ್ಪನ ಹಿಮ್ಮಡಿ ಎಲ್ಲಿ ಊರುತ್ತಿತ್ತೋ ಅಲ್ಲಿ ಹಿಮ್ಮಡಿ ಊರಿ ಅವಳು ಪೆಡಲ್ಲನ್ನು ಪೂರ್ತಿ ಒತ್ತಿ, ಕೀ ತಿರುಗಿಸಿದಳು.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿ ತಿರುಗಿಸಿದಳು. ಇಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೆಂದು ಕೋಲು ಅಲ್ಲಾಡಿಸಿ ನೋಡಿಕೊಂಡು, ಕಾಲು ತೆಗೆದು ಕೀ ತಿರುಗಿಸಿದಳು. ಇಂಜಿನ್ನು ಒಂದೇ ಏಟಿಗೆ ಎದ್ದು ಕೂತಿತು. ಫ್ಯೂಸ್ ಚಪ್ಪಾಳೆ ತಟ್ಟಿದ. ಅವಳು ತಟ್ಟಲಿಲ್ಲ. ಕೈಗೇರಿನ ಗಾಡಿ ಕ್ಲಚ್ ಒತ್ತಿದರೆ ಮಾತ್ರ ಏಳಬೇಕು. ಇದು ಒತ್ತದಿದ್ದರೆ ಏಳುತ್ತಿದೆ. ಗೇರಿನಲ್ಲಿರುವಾಗ ಯಾರಾದರೂ ಮರೆತು ಕೀ ತಿರುಗಿಸಿದರೆ ಗಾಡಿ ಎಗರುತ್ತದೆ. ಪರದೆಯ ಮೇಲೂ ಎಲ್ಲ ಉಲ್ಟಾ. ಅವಳು ಕಾಲಿಟ್ಟಾಗ ‘ಕ್ಲಚ್ ಒತ್ತಿಲ್ಲ’ ಎಂದು ತೋರಿಸುತ್ತಿತ್ತು, ತೆಗೆದಾಗ ‘ಒತ್ತಿದೆ’ ಎಂದು.

ಇಂಜಿನ್ ಆರಿಸಿ, ಟಾರ್ಚು ಹಿಡಿದು ಪೆಡಲ್ಲಿನ ಕೆಳಗೆ ತಲೆ ಹಾಕಿದಳು. ಕ್ಲಚ್ಚಿನ ಸ್ವಿಚ್ಚಿಗೆ ಎರಡು ಬಾಯಿ. ಪೆಡಲ್ಲು ಕೆಳಗಿದ್ದಾಗ ಒಂದರಲ್ಲಿ ಕರೆಂಟು, ಮೇಲಿದ್ದಾಗ ಇನ್ನೊಂದರಲ್ಲಿ. ಎರಡಕ್ಕೂ ಬಿಳಿ ಟೇಪು ಸುತ್ತಿ ಪೆನ್ನಿನಲ್ಲಿ ಬರೆದಿತ್ತು. ಒಂದರ ಮೇಲೆ ‘ಹಿಡಿದಾಗ’. ಇನ್ನೊಂದರ ಮೇಲೆ ‘ಬಿಟ್ಟಾಗ’. ಅಣ್ಣನ ಅಕ್ಷರ. ದೀರ್ಘವನ್ನು ಕೊಕ್ಕೆಯ ಹಾಗೆ ಕೆಳಗೆಳೆಯುವ ಅವನ ಹಳೆಯ ಚಾಳಿ.

ಕಂಪ್ಯೂಟರಿಗೆ ಯಾವುದನ್ನು ಕೊಟ್ಟೆ ಎಂದು ಅವಳು ಫ್ಯೂಸನ್ನು ಕೇಳಿದಳು.

“ಹಿಡಿದಾಗ ಅಂತ ಬರೆದಿದ್ದನ್ನ. ಪೆಡಲ್ ಹಿಡಿದಾಗ ಅಂತ ತಾನೆ ಅಕ್ಕ? ಇನ್ನೇನಿರುತ್ತೆ?”

ಅವಳು ತಲೆ ಈಚೆ ತೆಗೆಯಲಿಲ್ಲ. ಸ್ವಿಚ್ಚಿನ ಕೆಳಗೆ, ಟಾರ್ಚಿನ ಬೆಳಕಿನಲ್ಲಿ, ಹಾಗೇ ಮಂಡಿಯೂರಿ ಇದ್ದಳು.

ಲೋಕದಲ್ಲೆಲ್ಲ ಕ್ಲಚ್ ಹಿಡಿ ಎಂದರೆ ಪೆಡಲ್ಲು ಒತ್ತು ಎಂದು, ಬಿಡು ಎಂದರೆ ಕಾಲು ತೆಗೆ ಎಂದು. ಅಪ್ಪನ ಗ್ಯಾರೇಜಿನಲ್ಲಿ ಮಾತ್ರ ತಿರುಗಾಮುರುಗಾ. ಪೆಡಲ್ಲು ಒತ್ತಿದಾಗ ಒಳಗೆ ಕ್ಲಚ್ಚಿನ ಪ್ಲೇಟು ಇಂಜಿನ್ನನ್ನು ಬಿಡುತ್ತದೆ, ಕಾಲು ತೆಗೆದಾಗ ಹಿಡಿಯುತ್ತದೆ. ಕಾಲು ಏನು ಮಾಡುತ್ತಿದೆ ಎನ್ನುವುದು ಯಾರಿಗೆ ಬೇಕು, ಒಳಗೆ ಏನಾಗುತ್ತಿದೆ ಅದನ್ನು ಹೇಳಿ ಎಂದು ಅಪ್ಪ ಮಕ್ಕಳಿಬ್ಬರಿಗೂ ಕಲಿಸಿದ್ದ. ಅವನು ಗಾಡಿಯ ಕೆಳಗೆ ಮಲಗಿಕೊಂಡು “ಬಿಡು” ಎಂದರೆ ಇವರು ಒತ್ತಬೇಕು, “ಹಿಡಿ” ಎಂದರೆ ನಿಧಾನಕ್ಕೆ ಕಾಲು ಎತ್ತಬೇಕು. ಒಮ್ಮೆ ಒಬ್ಬ ಶಾಲೆಯ ಮೇಷ್ಟ್ರು ತಮ್ಮ ಗಾಡಿಯಲ್ಲಿ ತಾವೇ, ಗೇರು ಹಾಕಿ ಕ್ಲಚ್ಚನ್ನು ಅರ್ಧ ಒತ್ತಿಕೊಂಡು ಕೂತಿದ್ದರು. ಅಪ್ಪ ಕಿಟಕಿಯ ಬಳಿ ನಿಂತು “ಬಿಡಿ ಮೇಷ್ಟ್ರೇ” ಎಂದ. ಮೇಷ್ಟ್ರು ವಿಧೇಯರಾಗಿ ಬಿಟ್ಟರು. ಗಾಡಿ ಮೇಷ್ಟ್ರನ್ನೂ ಹೊತ್ತುಕೊಂಡು ಹಳೆಯ ಟೈರುಗಳ ಗುಡ್ಡೆ ಹತ್ತಿ ನಿಂತಿತು. ಅವರನ್ನು ಇಳಿಸಿಕೊಂಡು, ನೀರು ಕೊಟ್ಟು, ಕ್ಷಮೆ ಕೇಳಿದ ಅಪ್ಪ ಭಾಷೆಯನ್ನು ಮಾತ್ರ ಬದಲಿಸಲಿಲ್ಲ. ಮೇಷ್ಟ್ರಿಗೆ ಕಾಲಿನ ಪಾಠ ಗೊತ್ತು, ಪ್ಲೇಟಿನ ಪಾಠ ಗೊತ್ತಿಲ್ಲ ಎಂದುಬಿಟ್ಟ.

ಆ ಭಾಷೆ ಮೂರೇ ಜನರದು. ಮೂವರಲ್ಲಿ ಒಬ್ಬ ಹೋದ. ಉಳಿದಿಬ್ಬರು ಮಾತು ಬಿಟ್ಟರು. ಅವಳು ತನ್ನ ಅಂಗಡಿಗೆ ಬರುವವರೊಡನೆ ಲೋಕದ ಹಾಗೆಯೇ ಹಿಡಿ, ಬಿಡು ಎಂದು ಮಾತಾಡುವುದನ್ನು ಕಲಿತಿದ್ದಳು. ಅಣ್ಣನೂ ಕಲಿತಿರುತ್ತಾನೆ, ಗಿರಾಕಿಗಳೊಡನೆ ಹೆಣಗಬೇಕಲ್ಲ ಎಂದುಕೊಂಡಿದ್ದಳು. ಕಲಿತೇ ಇದ್ದನೇನೋ. ಆದರೆ ಅಪ್ಪನ ಪೆಟ್ಟಿಗೆಯನ್ನು ಅಪ್ಪನ ಗಾಡಿಗೆ ಕೂರಿಸುತ್ತ ಕೂತಾಗ ಅವನ ಕೈಗೆ ಬಂದದ್ದು ಆ ಹಳೆಯ ಮಾತು. ತನಗೆ ಗೊತ್ತಿಲ್ಲದೆಯೇ ಬರೆದಿರಬೇಕು. ಅದನ್ನು ಓದಬಲ್ಲವರು ಭೂಮಿಯ ಮೇಲೆ ಇನ್ನೊಬ್ಬಳೇ ಇದ್ದಳು.

ಎರಡು ನಿಮಿಷದ ಕೆಲಸ. ತಂತಿಯನ್ನು ಒಂದು ಬಾಯಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು. ಅದೂ ಬೇಡ, ಕಂಪ್ಯೂಟರಿನಲ್ಲೇ ಉಲ್ಟಾ ಮಾಡಿಬಿಡಿ ಅಕ್ಕ ಎಂದು ಫ್ಯೂಸ್ ಸಲಹೆ ಕೊಟ್ಟ. ಸಂಜೆಯೊಳಗೆ ಗಾಡಿ ವಾಪಸು ಹೋಗುತ್ತದೆ. ಅಣ್ಣ ಅದರಲ್ಲಿ ಕೂತು ಒಂದು ಸುತ್ತು ಹಾಕುತ್ತಾನೆ. ಅತ್ತಿಗೆ ಫೋನು ಮಾಡಿ ಗಾಡಿ ಚೆನ್ನಾಗಿದೆಯಂತೆ ಎನ್ನುತ್ತಾಳೆ. ಅವಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ಅವಳು ಎದ್ದು ಕೈ ಒರೆಸಿಕೊಂಡಳು. ಮೇಸ್ತ್ರಿಗೆ ಫೋನು ಮಾಡು ಎಂದಳು.

“ಏನಂತ ಹೇಳಲಿ?”

“ಗಾಡಿ ಹಿಡಿದಾಗ ಸ್ಟಾರ್ಟ್ ಆಗ್ತಿದೆ, ಬಿಟ್ಟಾಗ ಆಗ್ತಿಲ್ಲ ಅಂತ ಹೇಳು.”

ಫ್ಯೂಸ್ ಒಮ್ಮೆ ಅವಳ ಮುಖ ನೋಡಿದ. “ತಿರುಗಾಮುರುಗಾ ಹೇಳ್ತಿದ್ದೀರಲ್ಲ ಅಕ್ಕ. ಕಾಲು ಬಿಟ್ಟಾಗ ತಾನೆ ಆಗ್ತಿರೋದು?”

“ನಾನು ಹೇಳಿದ್ದಷ್ಟೇ ಹೇಳು. ಒಂದಕ್ಷರ ಆಚೀಚೆ ಮಾಡ್ಬೇಡ.”

ಅವನು ದೂರ ಹೋಗಿ ನಿಂತು ಮಾತಾಡಿದ. ಪಾಠ ಒಪ್ಪಿಸುವವನ ಹಾಗೆ ಒಂದೊಂದೇ ಮಾತು ಜೋಡಿಸಿ ಹೇಳಿದ್ದು ಅವಳಿಗೆ ಕೇಳಿಸಿತು.  ತಿರುಗಿ ಬಂದು, ಯಾರು ಹೇಳಿದ್ದು ಅಂತ ಮೇಸ್ತ್ರಿ ಕೇಳಿದರು, ಅಕ್ಕ ಅಂದೆ, ಲೈನು ಕಟ್ಟಾಯಿತು ಎಂದ. ನೆಟ್‌ವರ್ಕು ಸರಿಯಿಲ್ಲದಿರಬೇಕು ಎಂದು ತಾನೇ ಸಮಾಧಾನವನ್ನೂ ಹೇಳಿದ.

ಆಮೇಲೆ ಮಾಡಲು ಏನೂ ಇರಲಿಲ್ಲ. ಫ್ಯೂಸ್ ವ್ಯಾನಿನವನೊಡನೆ ಊಟಕ್ಕೆ ಹೋದ. ಅವಳು ಬೇರೊಂದು ಗಾಡಿಯ ಡಬ್ಬಿ ಬಿಚ್ಚಿಟ್ಟುಕೊಂಡು ಕೂತಳು, ಒಂದು ತಂತಿಯನ್ನೂ ಮುಟ್ಟಲಿಲ್ಲ. ತಾನು ಕಳಿಸಿದ್ದು ಹಟದ ಮಾತಾಗಿ ಕೇಳಿಸಿತೋ, ಹಂಗಿಸಿದ ಹಾಗಾಯಿತೋ ಎಂಬ ಅಳುಕು. ರಸ್ತೆಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ತಲೆ ಎತ್ತುವಳು. ಹೋಗುವವರೆಲ್ಲ ಹೋದರು. ಟೈರಿನವರ ಹಾಡು ಕೇಳಿಸಿತು, ನಿಂತಿತು. ದೇವರ ಪಟದ ಕಡೆ ನೋಡಿ ಅವಳು ಏನನ್ನೂ ಕೇಳಲಿಲ್ಲ. ಕೇಳುವುದು ಏನೆಂದು ಅವನಿಗೆ ತಿಳಿಯದೇ ಇರುತ್ತದೆಯೇ.

ಮೂರು ಗಂಟೆಯ ಹೊತ್ತಿಗೆ ಒಂದು ಸ್ಕೂಟರು ಬಂದು ನಿಂತಿತು. ಅವಳು ತಲೆ ಎತ್ತಲಿಲ್ಲ. ಆ ಸ್ಕೂಟರಿನ ಸದ್ದನ್ನು ಗುರುತಿಸಲು ತಲೆ ಎತ್ತಿ ನೋಡಬೇಕಾಗಿರಲಿಲ್ಲ.

ಅಣ್ಣ ಅವಳ ಕಡೆ ನೋಡದೆ ನೇರ ಗಾಡಿಯ ಬಳಿ ಹೋದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ನಡಿಗೆ ಮಾತ್ರ ಅದೇ, ಎರಡೂ ಜೇಬಿನಲ್ಲಿ ಸ್ಪಾನರ್ ಇರುವವನ ನಡಿಗೆ. ಬಾಗಿಲು ತೆಗೆದು, ನೆಲಕ್ಕೆ ಮಂಡಿಯೂರಿ, ಪೆಡಲ್ಲಿನ ಕೆಳಗೆ ತಲೆ ಹಾಕಿದ.  ತನ್ನ ಅಕ್ಷರವನ್ನು ತಾನೇ ಓದುತ್ತಿದ್ದನೇನೋ. ಆಮೇಲೆ ಅವನ ಬಲಗೈ ಮಾತ್ರ ಹಿಂದಕ್ಕೆ ಬಂದು, ಅಂಗೈ ಬಿಚ್ಚಿಕೊಂಡು ಗಾಳಿಯಲ್ಲಿ ನಿಂತಿತು.

ಅವಳು ಗೋಡೆಯಿಂದ ಚೂಪುಮೂತಿಯ ಇಕ್ಕಳ ತೆಗೆದು ಆ ಅಂಗೈಯಲ್ಲಿಟ್ಟಳು.

ಅಂಗೈ ಮುಚ್ಚಿಕೊಂಡು ಒಳಗೆ ಹೋಯಿತು. ಟಿಕ್ ಎಂದು ತಂತಿ ಕಿತ್ತ ಸದ್ದು, ಟಿಕ್ ಎಂದು ಕೂರಿಸಿದ ಸದ್ದು. ಅಷ್ಟರಲ್ಲಿ ಊಟ ಮುಗಿಸಿ ಬಂದ ಫ್ಯೂಸ್ ಬಾಗಿಲಲ್ಲೇ ನಿಂತು, ತಪ್ಪು ಯಾರದು ಮೇಸ್ತ್ರಿ, ನಂದಂತೂ ಅಲ್ಲ ಎಂದ.

“ನಮ್ಮಪ್ಪಂದು,” ಎಂದಿತು ಪೆಡಲ್ಲಿನ ಕೆಳಗಿನ ದನಿ.



ಅಣ್ಣ ಎದ್ದು ಸೀಟಿನಲ್ಲಿ ಕೂತ. ಇನ್ನೂ ಕೆಲಸ ಇದೆಯೋ ಎಂದು ಕೇಳಿದ್ದು ಗಾಜಿನ ಆಚೆಯ ಗೋಡೆಯನ್ನು. ಡಬ್ಬಿಗೆ ಹೊಸದಾಗಿ ಬರೆದ ಮೇಲೆ ಗಾಡಿಯನ್ನು ಸ್ವಲ್ಪ ಓಡಿಸಬೇಕು, ಆಮೇಲೆ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿ ಅದರ ಪಾಡಿಗೆ ಇಂಜಿನ್ ಓಡಲು ಬಿಡಬೇಕು, ಆಗ ಅದು ತನ್ನ ಹೊಸ ಉಸಿರಾಟವನ್ನು ತಾನೇ ಕಲಿತುಕೊಳ್ಳುತ್ತದೆ ಎಂದು ಅವಳು ಗಿರಾಕಿಗೆ ಹೇಳುವ ಹಾಗೆ ಹೇಳಿದಳು. ಅವನು ಪಕ್ಕದ ಬಾಗಿಲಿನ ಚಿಲಕ ತೆಗೆದ. ಅವಳು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕ್ಲಚ್ ಒತ್ತಿ ಕೀ ತಿರುಗಿಸಿದ. ಇಂಜಿನ್ನು ಎದ್ದಿತು. ಟೈರಿನವರ ಸಾಲು ದಾಟಿ, ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಬಂದರು. ಅವಳು ಪರದೆ ನೋಡುತ್ತ ಹೇಳಬೇಕು, ಅವನು ಮಾಡಬೇಕು. ಮೊದಲ ಮಾತು ಬಾಯಿಗೆ ಬರಲು ಅವಳಿಗೆ ಒಂದು ಫರ್ಲಾಂಗು ಹಿಡಿಯಿತು.

“ಬಿಡು.”

ಅವನು ಪೆಡಲ್ಲು ಒತ್ತಿದ. ಒಂದು ಚೂರೂ ತಡಮಾಡಲಿಲ್ಲ.

“ಹಿಡಿ.”

ಕಾಲು ನಿಧಾನಕ್ಕೆ ಮೇಲೆ ಬಂತು. ಎರಡನೇ ಗೇರು, ಮೂರನೇ ಗೇರು. ಬಿಡು, ಹಿಡಿ, ಬಿಡು. ಅಪ್ಪ ಗೋಣಿಯಲ್ಲಿ ಸುತ್ತಿಟ್ಟಿದ್ದ ಹಲ್ಲುಗಳು ಒಂದರೊಳಗೊಂದು ಎಷ್ಟು ಮೆತ್ತಗೆ ಸೇರುತ್ತಿದ್ದವೆಂದರೆ ಗೇರು ಬಿದ್ದದ್ದು ಕಿವಿಗೆ ತಿಳಿಯುತ್ತಿರಲಿಲ್ಲ, ಪರದೆ ನೋಡಿಯೇ ತಿಳಿಯಬೇಕು. ಅಣ್ಣನಿಗೆ ಪರದೆ ಬೇಕಿರಲಿಲ್ಲ. ಒಂದು ಸಲ, ಮೂರರಿಂದ ನಾಲ್ಕಕ್ಕೆ ಹೋಗುವಾಗ, ಅವನು ತುಟಿ ಕಚ್ಚಿಕೊಂಡ. ಅವಳು ನೋಡದ ಹಾಗೆ ಇದ್ದಳು. ಹಿಂದಿನ ಸೀಟಿನಲ್ಲಿ ಯಾರೋ ಕಾಲು ಚಾಚಿ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ತಿರುಗಿ ನೋಡಿದರೆ ಖಾಲಿ ಸೀಟು ಕಾಣುತ್ತದೆಂದು ತಿರುಗಲಿಲ್ಲ.

ರಸ್ತೆಯ ಕೊನೆಯಲ್ಲಿ ಒಂದು ಮರದ ಕೆಳಗೆ ನಿಲ್ಲಿಸಿದ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಎರಡೂ ಹಿಂದಕ್ಕೆ ತೆಗೆದುಕೊಂಡ. ಹತ್ತು ನಿಮಿಷ ಯಾವ ಪೆಡಲ್ಲನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮತ್ತೆ ಮೊದಲಿನಿಂದ ಎಂದಳು ಅವಳು. ಪರದೆಯ ಮೂಲೆಯಲ್ಲಿ ನಿಮಿಷಗಳು ಇಳಿಯತೊಡಗಿದವು. ಇಂಜಿನ್ನಿನ ದನಿ ಒಮ್ಮೆ ಏರಿ, ಒಮ್ಮೆ ಇಳಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡುತ್ತಿತ್ತು.

ನಾಲ್ಕು ನಿಮಿಷ ಕಳೆಯಿತು. ಐದು.

“ಅಣ್ಣ,” ಎಂದಳು. “ಆವತ್ತು ನಾನು ಕೀ ತಗೊಂಡಿದ್ದು...”

“ಬಿಡು.”

ಅವಳ ಕಣ್ಣು ತಾನಾಗಿಯೇ ಪರದೆಗೆ ಹೋಯಿತು. ಕ್ಲಚ್: ಒತ್ತಿಲ್ಲ. ನಿಮಿಷಗಳು ಇಳಿಯುತ್ತಲೇ ಇದ್ದವು. ಅವನ ಕಾಲು ಹಿಂದಿದ್ದದ್ದು ಹಿಂದೆಯೇ ಇತ್ತು, ಕಣ್ಣು ಮುಂದಿನ ಗಾಜಿನ ಮೇಲೆ, ಗಾಜಿನ ಮೇಲೆ ಉದುರಿದ ಒಂದು ಎಲೆಯ ಮೇಲೆ. ಅವನು ಹೇಳಿದ್ದು ಪ್ಲೇಟಿನ ಮಾತಾಗಿರಲಿಲ್ಲ, ಕಾಲಿನ ಮಾತೂ ಆಗಿರಲಿಲ್ಲ.

  ಇಂಜಿನ್ನು ತಡಕಾಡುವುದನ್ನು ಕಮ್ಮಿ ಮಾಡುತ್ತ, ಕಮ್ಮಿ ಮಾಡುತ್ತ, ಕೊನೆಗೆ ಒಂದು ಕೆಳದನಿಯನ್ನು ಕಂಡುಕೊಂಡು ಅಲ್ಲೇ ಕೂತಿತು. ಪರದೆಯ ಮೇಲೆ ‘ಕಲಿಕೆ ಮುಗಿದಿದೆ’ ಎಂದು ಬಂತು.

ಅಣ್ಣ ಕೇಳಿದ: “ಮುಗೀತಾ?”

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತುಸು ವಾಲಿಸಿಕೊಂಡಳು.

“ಇನ್ನೂ ಎರಡು ನಿಮಿಷ,” ಎಂದಳು.

ಇಂಜಿನ್ನಿನ ದನಿ ಕೇಳಿಯೇ ಎಲ್ಲ ಹೇಳುತ್ತಿದ್ದವನ ಮಗ ಅವನು. ಅದು ನೆಲೆ ನಿಂತದ್ದು ಅವನಿಗೆ ಅವಳಿಗಿಂತ ಮುಂಚೆ ತಿಳಿದಿತ್ತು. ಕೀಯ ಕಡೆಗೆ ಹೊರಟಿದ್ದ ಕೈಯನ್ನು ವಾಪಸು ತೊಡೆಯ ಮೇಲಿಟ್ಟುಕೊಂಡ.

“ಆಗ್ಲಿ,” ಎಂದ.